ಇಪ್ಪತ್ತೈದು ಸಾವಿರದಲ್ಲಿ ಮಗನಿಗೆ ರೈಫಲ್, ಸ್ಕೋಪ್ ಎರಡೂ ಬೇಕಾ?

2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ರೈಫಲ್ ಶೂಟಿಂಗ್‌ನಲ್ಲಿ ಕಂಚು ಗೆದ್ದಾಗಿನಿಂದ ಪುಣೆಯ ಕನ್ನಡದ ಮನೆಗಳಿಂದ ನನಗೆ ಫೋನ್ ಬರುವುದು ಜಾಸ್ತಿಯಾಗಿದೆ. ಹುಡುಗ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿಯವನು. ನಮ್ಮ ನಿಪ್ಪಾಣಿಯಿಂದ ನೋಡಿದರೆ ಪಕ್ಕದ ಸೀಮೆ. ಕೆಲಸ ಸೆಂಟ್ರಲ್ ರೈಲ್ವೆಯಲ್ಲಿ, ಪದಕ ಗೆದ್ದಾಗ ಇಲ್ಲೇ ಪುಣೆಯಲ್ಲಿದ್ದ. ಹಾಗಾಗಿ ನಮ್ಮ ಕಡೆಯವರಿಗೆ ಅವನು ಟಿವಿಯಲ್ಲಿ ಮಾತ್ರ ಕಾಣುವ ದೂರದ ಮನುಷ್ಯ ಅಲ್ಲ. "ನಮ್ಮ ಹುಡುಗನಿಗೂ ಒಂದು ರೈಫಲ್ ಕೊಡಿಸೋಣ ಅಂತ" ಎಂದು ಶುರು ಮಾಡುತ್ತಾರೆ. ಎರಡನೇ ವಾಕ್ಯ ಬಹುತೇಕ ಒಂದೇ ಇರುತ್ತದೆ: "ಒಳ್ಳೆ ಸ್ಕೋಪ್ ಇರೋದು ಯಾವುದು?" ಸ್ಕೋಪ್ ಅಂದರೆ ರೈಫಲ್ ಮೇಲೆ ಕೂರಿಸುವ ದೂರದರ್ಶಕ.

ಮೊನ್ನೆ ಪಿಂಪಳೆ ಗುರವದಿಂದ ಒಬ್ಬ ಗೆಳೆಯ ಕೇಳಿದ್ದು ಇದನ್ನೇ. ಮಗನಿಗೆ ಹದಿಮೂರು ವರ್ಷ. ಎಲ್ಲಾ ಸೇರಿ ಇಪ್ಪತ್ತೈದು ಸಾವಿರ ಇಟ್ಟುಕೊಂಡಿದ್ದಾರೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಚಾಕಣ್‌ನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನು, ದಿನವೂ ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಹಿಡಿಯುವವನು. ಮಗಳು ಪುಣೆಯ ಬಾಲೇವಾಡಿಯ ಶೂಟಿಂಗ್ ರೇಂಜ್‌ನಲ್ಲಿ 10 ಮೀಟರ್ ಏರ್ ರೈಫಲ್ ಹೊಡೆಯುತ್ತಾಳೆ. ನನ್ನ ಮಾತು ಈ ಎರಡು ಕಡೆಯಿಂದ ಬಂದದ್ದು.

ಮೊದಲಿಗೇ ಹೇಳಿಬಿಡುತ್ತೇನೆ. ಒಲಿಂಪಿಕ್ಸ್‌ನಲ್ಲಿ ನೀವು ನೋಡುವ ರೈಫಲ್ ಆಟದಲ್ಲಿ ಸ್ಕೋಪ್ ಇಲ್ಲವೇ ಇಲ್ಲ. 10 ಮೀಟರ್ ಏರ್ ರೈಫಲ್‌ನಲ್ಲೂ ಇಲ್ಲ, ಕುಸಾಳೆ ಗೆದ್ದ, ಮಂಡಿಯೂರಿ, ಮಲಗಿ, ನಿಂತು ಹೊಡೆಯುವ 50 ಮೀಟರ್ ತ್ರೀ ಪೊಸಿಷನ್‌ನಲ್ಲೂ ಇಲ್ಲ. ನಿಯಮವೇ ದೂರದರ್ಶಕ ಮಸೂರವನ್ನು ಬಿಡುವುದಿಲ್ಲ. ಅಲ್ಲಿ ಇರುವುದು ಪೀಪ್ ಸೈಟ್. ಕಣ್ಣಿನ ಹತ್ತಿರ ಒಂದು ಸಣ್ಣ ತೂತು, ಬ್ಯಾರಲ್ ತುದಿಯಲ್ಲಿ ಒಂದು ಉಂಗುರ, ಅಷ್ಟೇ. ತೂತಿನೊಳಗೆ ಉಂಗುರ ಮಧ್ಯಕ್ಕೆ ಬರಬೇಕು, ಉಂಗುರದೊಳಗೆ ಗುರಿಯ ಕಪ್ಪು ವೃತ್ತ ಮಧ್ಯಕ್ಕೆ ಬರಬೇಕು. ಸುತ್ತ ಬಿಳಿ ಅಂಚು ಎಲ್ಲ ಕಡೆ ಸಮ ಇದ್ದರೆ ಸರಿ. ನಮ್ಮ ಕಣ್ಣಿಗೆ ವೃತ್ತದೊಳಗೆ ವೃತ್ತ ಕೂರಿಸುವುದು ತಾನಾಗಿಯೇ ಬರುತ್ತದೆ, ಅದನ್ನು ಕಲಿಸಬೇಕಿಲ್ಲ. ದೃಷ್ಟಿ ಮಾತ್ರ ಮುಂದಿನ ಉಂಗುರದ ಮೇಲೆ ಇರಬೇಕು. ಗುರಿ ಸ್ವಲ್ಪ ಮಸುಕಾಗಿ ಕಂಡರೆ ಪರವಾಗಿಲ್ಲ. ಅದನ್ನು ನಂಬುವುದಕ್ಕೆ ಮಕ್ಕಳಿಗೆ ಸ್ವಲ್ಪ ಸಮಯ ಹಿಡಿಯುತ್ತದೆ.

ಹಾಗಾಗಿ ಗೆಳೆಯನಿಗೆ ನನ್ನ ಮೊದಲ ಪ್ರಶ್ನೆ: ಹುಡುಗ ಯಾವ ಆಟ ಆಡಬೇಕು? ಜಿಲ್ಲೆ, ರಾಜ್ಯ ಮಟ್ಟದ ಸ್ಪರ್ಧೆಗೆ ಹೋಗಬೇಕು ಅಂದರೆ ಸ್ಕೋಪಿಗೆ ಇಟ್ಟ ಹಣ ಅಷ್ಟೂ ಉಳಿಯಿತು. ನಮ್ಮಲ್ಲಿ ಓಪನ್ ಸೈಟ್ (ತೂತಿನ ಬದಲು ಹಿಂದೆ ಒಂದು ಕಚ್ಚು, ಮುಂದೆ ಒಂದು ಕಡ್ಡಿ) ಏರ್ ರೈಫಲ್ ಎಂಬ ಬೇರೆ ವಿಭಾಗವೂ ಇದೆ. ಹೊಸಬರು ಬಹಳ ಮಂದಿ ಅಲ್ಲಿಂದಲೇ ಹತ್ತುತ್ತಾರೆ. ರಜೆಗೆ ಊರಿಗೆ ಹೋದಾಗ ತೋಟದ ಮನೆಯ ಹಿಂದೆ ಡಬ್ಬಿ ಇಟ್ಟು ಹೊಡೆಯಬೇಕು, 25-30 ಮೀಟರ್ ದೂರದಲ್ಲಿ ಬೆಂಚಿಗೆ ಒರಗಿ ಕಾಗದದ ಮೇಲೆ ಸಣ್ಣ ಗ್ರೂಪ್ (ಹತ್ತಿರ ಹತ್ತಿರ ಬಿದ್ದ ತೂತುಗಳ ಗುಂಪು) ಹಾಕಬೇಕು ಅನ್ನುವವರಿಗೆ ಸ್ಕೋಪ್ ಬೇಕು. ಅದೂ ಒಳ್ಳೆಯ ಹವ್ಯಾಸವೇ. ಅದಕ್ಕೆ ಕೊಳ್ಳುವ ಸಾಮಾನು ಮಾತ್ರ ಬೇರೆ.

ಈಗ ರೈಫಲ್ ವಿಷಯ. ಲೈಸೆನ್ಸ್ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ 4.5 ಮಿ.ಮೀ., ಅಂದರೆ 0.177 ಇಂಚಿನ ಬೋರ್ (ಬ್ಯಾರಲ್ ಒಳಗಿನ ಅಗಲ) ಮೀರದ, 20 ಜೂಲ್‌ಗಿಂತ ಜಾಸ್ತಿ ಶಕ್ತಿ ಇಲ್ಲದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. 0.22 ಇಂಚಿನ ಏರ್ ರೈಫಲ್ ಆ ಗೆರೆಯ ಆಚೆ ಹೋಗುತ್ತದೆ. ಮದ್ದಿನ 0.22 ರೈಫಲ್ ಅಂತೂ ಪೂರಾ ಬೇರೆ ಲೋಕ. ಅಂಗಡಿಯಲ್ಲಿ ಅಪ್ಪನೋ ಅಮ್ಮನೋ ತಮ್ಮ ಹೆಸರಲ್ಲಿ ಕೊಳ್ಳಬೇಕು. ಗುರುತಿನ ಚೀಟಿ, ವಿಳಾಸದ ದಾಖಲೆ ಜೊತೆಯಲ್ಲಿರಲಿ. ಬಿಲ್ ಜೋಪಾನ ಮಾಡಿ.

ಹೊಸ ರೈಫಲ್‌ಗಳಲ್ಲಿ ಎರಡು ತುದಿ ಇವೆ. ಒಂದು ತುದಿಯಲ್ಲಿ ಸ್ಪ್ರಿಂಗ್ ಪಿಸ್ಟನ್ ರೈಫಲ್. ಬ್ಯಾರಲ್ ಮಡಚಿ, ಸ್ಪ್ರಿಂಗ್ ಏರಿಸಿ, ಪೆಲೆಟ್ (ಸೀಸದ ಸಣ್ಣ ಗುಂಡು) ಹಾಕಿ ಹೊಡೆಯುವುದು. ಪ್ರಿಸಿಹೋಲ್ ಎಂಬ ಮಹಾರಾಷ್ಟ್ರದ್ದೇ ಕಂಪನಿಯ ಎಸ್‌ಎಕ್ಸ್100 ತರಹದವು, ಎಸ್‌ಡಿಬಿಯಂಥ ಇತರ ದೇಶಿ ಕಂಪನಿಗಳವು ಇದರಲ್ಲಿ ಬರುತ್ತವೆ. ಸುಮಾರು ಹತ್ತರಿಂದ ಇಪ್ಪತ್ತು ಸಾವಿರದ ನಡುವೆ ಸಿಗುತ್ತವೆ. ಇನ್ನೊಂದು ತುದಿಯಲ್ಲಿ ವಾಲ್ಟರ್, ಫೈನ್‌ವೆರ್ಕ್‌ಬೌ, ಆನ್‌ಶುಟ್ಜ್, ಸ್ಟೈಯರ್‌ನಂಥ ಯುರೋಪಿನ ಮ್ಯಾಚ್ ರೈಫಲ್‌ಗಳು. ಹೊಸದಕ್ಕೆ ಎರಡು ಲಕ್ಷದ ಮೇಲೆಯೇ ಮಾತು. ಇವು 200 ಬಾರ್ ಒತ್ತಡದ ಗಾಳಿ ತುಂಬಿದ ಸಿಲಿಂಡರ್‌ನಿಂದ ಹೊಡೆಯುತ್ತವೆ. ಕೈಯಲ್ಲಿ ಕುಲುಕಾಟ ಗೊತ್ತೇ ಆಗುವುದಿಲ್ಲ.

ಇಷ್ಟು ಅಂತರ ನೋಡಿ ತಂದೆತಾಯಿ ಹೆದರುತ್ತಾರೆ. ಕಡಿಮೆ ಬೆಲೆಯ ರೈಫಲ್‌ನಲ್ಲಿ ಮಗು ಹಿಂದೆ ಬೀಳುತ್ತದೆ ಅಂದುಕೊಳ್ಳುತ್ತಾರೆ. ಇಲ್ಲಿ ಸ್ವಲ್ಪ ಲೆಕ್ಕ ನೋಡೋಣ, ನನ್ನ ಕೆಲಸವೇ ಅದು. 10 ಮೀಟರ್ ಗುರಿಯಲ್ಲಿ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಒಂಬತ್ತರ ವೃತ್ತ 5.5 ಮಿ.ಮೀ. ಹೀಗೆ ಒಂದೊಂದು ಅಂಕಕ್ಕೆ ಎಲ್ಲ ಕಡೆ ಎರಡೂವರೆ ಮಿಲಿಮೀಟರ್ ಹೊರಗೆ ಹೋಗುತ್ತದೆ. ಪೆಲೆಟ್ಟೇ 4.5 ಮಿ.ಮೀ. ದಪ್ಪ. ಅದರ ಅಂಚು ಗೆರೆ ಮುಟ್ಟಿದರೂ ಮೇಲಿನ ಅಂಕವೇ ಸಿಗುತ್ತದೆ. ಹಾಗಾಗಿ ಪೆಲೆಟ್ಟಿನ ನಡುಬಿಂದು ಗುರಿಯ ನಡುವಿನಿಂದ 2.5 ಮಿ.ಮೀ. ಒಳಗೆ ಬಿದ್ದರೆ ಹತ್ತು, 5 ಮಿ.ಮೀ. ಒಳಗೆ ಬಿದ್ದರೆ ಒಂಬತ್ತು, 10 ಮಿ.ಮೀ. ಒಳಗೆ ಬಿದ್ದರೆ ಏಳು.

ಈಗ ಒಂದು ದೇಶಿ ಸ್ಪ್ರಿಂಗ್ ರೈಫಲ್ ಬೆಂಚಿನ ಮೇಲೆ 10 ಮಿ.ಮೀ. ಅಗಲದ ಗ್ರೂಪ್ ಹಾಕುತ್ತದೆ ಅಂದುಕೊಳ್ಳಿ. ಅಂದರೆ ನಡುವಿನಿಂದ ಆ ಕಡೆ ಈ ಕಡೆ ಐದು. ಅದರ ಅತಿ ಕೆಟ್ಟ ಹೊಡೆತವೂ ಒಂಬತ್ತರೊಳಗೇ ಇದೆ. ನಿಂತು ಹೊಡೆಯುವ ಹೊಸ ಹುಡುಗ ಮೊದಲ ತಿಂಗಳುಗಳಲ್ಲಿ ಐದು, ಆರು, ಏಳರ ಸುತ್ತ ಇರುತ್ತಾನೆ. ಅಲ್ಲಿ ಅಂಕ ಕಳೆಯುತ್ತಿರುವುದು ರೈಫಲ್ ಅಲ್ಲ. ಕಾಲಿನ ನಿಲುವು, ಉಸಿರು, ಟ್ರಿಗರ್ ಬೆರಳು. ಹುಡುಗ ಒಂಬತ್ತರ ಸರಾಸರಿಗೆ ಬಂದಾಗ ರೈಫಲ್ ಅಡ್ಡ ಬರಲು ಶುರುವಾಗುತ್ತದೆ. ಆಗ ಬದಲಾಯಿಸಬೇಕು, ಮತ್ತು ಆಗ ಖಂಡಿತ ಬದಲಾಯಿಸಬೇಕು. ದೊಡ್ಡ ಮಟ್ಟದಲ್ಲಿ ಅಂಕವನ್ನು ದಶಮಾಂಶದಲ್ಲಿ ಎಣಿಸುತ್ತಾರೆ, ಒಂದು ಹೊಡೆತಕ್ಕೆ 10.9ರವರೆಗೆ. ಪ್ಯಾರಿಸ್‌ನ ಫೈನಲ್‌ನಲ್ಲಿ ಕುಸಾಳೆಯ ಒಟ್ಟು ಅಂಕ 451.4. ಆ ಪಾಯಿಂಟ್ ನಾಲ್ಕಕ್ಕೆ ಅಲ್ಲಿ ಬೆಲೆ ಇದೆ. ನಮ್ಮ ಹದಿಮೂರರ ಹುಡುಗನಿಗೆ ಇನ್ನೂ ಇಲ್ಲ.

ಗ್ರೂಪ್ ಅಳೆಯುವುದು ಸುಲಭ. ರೈಫಲ್ಲನ್ನು ಮೆತ್ತನೆಯ ಚೀಲದ ಮೇಲಿಟ್ಟು ಒಂದೇ ಗುರಿಗೆ ಐದು ಹೊಡೆಯಿರಿ. ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿಯಿರಿ. ಅದರಲ್ಲಿ ಒಂದು ಪೆಲೆಟ್ಟಿನ ದಪ್ಪ, 4.5, ಕಳೆಯಿರಿ. ಅದೇ ಗ್ರೂಪ್. ಒಂದು ಸಲದ ಗ್ರೂಪ್ ನಂಬಬೇಡಿ, ಹಲವು ಹಾಕಿ. ಸ್ಪ್ರಿಂಗ್ ರೈಫಲ್ಲನ್ನು ಬಿಗಿಯಾಗಿ ಅದುಮಿ ಹಿಡಿದರೆ ಗ್ರೂಪ್ ಚದುರುತ್ತದೆ. ಮುಂದಿನ ಕೈಯ ಅಂಗೈ ಮೇಲೆ ಸಡಿಲವಾಗಿ ಕೂರಿಸಿ, ಪ್ರತಿ ಸಲ ಅದೇ ಜಾಗದಲ್ಲಿ. ಅದಕ್ಕೆ ಕುಲುಕಲು ಬಿಡಬೇಕು, ಒಂದೇ ರೀತಿ ಕುಲುಕಲು ಬಿಡಬೇಕು.

ಪೆಲೆಟ್ ಬದಲಾಯಿಸಿದರೆ ಅದೇ ರೈಫಲ್ ಬೇರೆಯೇ ಆಗಿಬಿಡುತ್ತದೆ. ಇದನ್ನು ಯಾರೂ ಅಂಗಡಿಯಲ್ಲಿ ಒತ್ತಿ ಹೇಳುವುದಿಲ್ಲ, ಅದಕ್ಕೆ ನಾನು ಒತ್ತಿ ಹೇಳುತ್ತೇನೆ. ಗುರಿ ಆಟಕ್ಕೆ ಚಪ್ಪಟೆ ತಲೆಯ ವಾಡ್‌ಕಟರ್ ಪೆಲೆಟ್ ಬೇಕು. ಕಾಗದದಲ್ಲಿ ಅದು ದುಂಡನೆಯ ಸ್ವಚ್ಛ ತೂತು ಕೊರೆಯುತ್ತದೆ, ಅಂಕ ಓದುವುದು ಸುಲಭ. ಆರ್‌ಡಬ್ಲ್ಯುಎಸ್‌ನ ಆರ್10, ಎಚ್ ಅಂಡ್ ಎನ್‌ನ ಫಿನಾಲೆ ಮ್ಯಾಚ್ ಇವು ಹೆಸರಾದವು. ತೂಕ ಅರ್ಧ ಗ್ರಾಂ ಆಸುಪಾಸು. ಡಬ್ಬಿಯ ಮೇಲೆ 4.49, 4.50 ಅಂತ ತಲೆಯ ಅಳತೆ ಬರೆದಿರುತ್ತದೆ. ಬ್ಯಾರಲ್‌ನಿಂದ ಬ್ಯಾರಲ್‌ಗೆ ಯಾವ ಅಳತೆ ಒಗ್ಗುತ್ತದೆ ಅನ್ನುವುದು ಬದಲಾಗುತ್ತದೆ. ರೇಂಜ್‌ನಲ್ಲಿ ಗುರುತಿನವರಿಂದ ಸ್ವಲ್ಪ ಸ್ವಲ್ಪ ಕೇಳಿ ಪಡೆದು, ಅಳೆದು, ಆಮೇಲೆ ಡಬ್ಬಿ ಕೊಳ್ಳಿ. ತೀರ ಅಗ್ಗದ ಡಬ್ಬಿಯನ್ನು ತಲೆಕೆಳಗಾಗಿ ಸುರಿದು ನೋಡಿ. ಲಂಗದಂಥ ಹಿಂಭಾಗ ಸೊಟ್ಟಗಾದವು ಎಷ್ಟೋ ಸಿಗುತ್ತವೆ. ಅವು ನೇರ ಹೋಗುವುದಿಲ್ಲ.

ಮೈಗೆ ಒಗ್ಗುವುದು ಬೆಲೆಗಿಂತ ದೊಡ್ಡ ವಿಷಯ. ಮಗು ರೈಫಲ್ ಎತ್ತಿ ಕೆನ್ನೆ ಇಟ್ಟ ಕೂಡಲೇ ಕಣ್ಣು ಸೈಟಿನ ಎದುರಿಗೆ ತಾನಾಗಿ ಬರಬೇಕು. ಕತ್ತು ಚಾಚಬೇಕಾದರೆ ಬಟ್ (ಭುಜಕ್ಕೆ ಒರಗುವ ಹಿಂಭಾಗ) ಉದ್ದ ಜಾಸ್ತಿ. ತಲೆ ಎತ್ತಬೇಕಾದರೆ ಕೆನ್ನೆಯ ಜಾಗ ತಗ್ಗು. ಮ್ಯಾಚ್ ರೈಫಲ್‌ನಲ್ಲಿ ಬಟ್, ಕೆನ್ನೆಪಟ್ಟಿ ಎರಡನ್ನೂ ಸ್ಕ್ರೂ ತಿರುಗಿಸಿ ಹೊಂದಿಸಬಹುದು, ಅದರ ದುಡ್ಡಿನ ಅರ್ಧ ಭಾಗ ಇದಕ್ಕೇ ಅಂತ ನನಗೆ ಅನ್ನಿಸುತ್ತದೆ. ನಿಯಮದಲ್ಲಿ ರೈಫಲ್ 5.5 ಕೆ.ಜಿ.ವರೆಗೆ ಇರಬಹುದು. ದೊಡ್ಡವರಿಗೆ ಭಾರ ಅನುಕೂಲ, ಅಲುಗಾಟ ಕಡಿಮೆ. ಬೆಳೆಯುವ ಮಗುವಿನ ಬೆನ್ನಿಗೆ ಅದು ಅನುಕೂಲ ಅಲ್ಲ. ಹದಿಮೂರರವರಿಗೆ ಮೂರರಿಂದ ಮೂರೂವರೆ ಕೆ.ಜಿ. ಸಾಕು. ಜೊತೆಗೆ ಯಾವ ಕಣ್ಣು ಬಲವಾದದ್ದು ಅಂತ ನೋಡಿಕೊಳ್ಳಿ. ಎರಡು ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿ ಅದರಲ್ಲಿ ಗೋಡೆಯ ಗಡಿಯಾರ ನೋಡಲು ಹೇಳಿ. ಒಂದೊಂದೇ ಕಣ್ಣು ಮುಚ್ಚಿಸಿ. ಯಾವ ಕಣ್ಣಿಗೆ ಗಡಿಯಾರ ಉಳಿಯುತ್ತದೋ ಅದು ಬಲವಾದ ಕಣ್ಣು. ಬಲಗೈಯವನಿಗೆ ಎಡಗಣ್ಣು ಬಲವಿದ್ದರೂ ದಾರಿ ಇದೆ. ಗುರಿ ಇಡದ ಕಣ್ಣಿನ ಮುಂದೆ ಒಂದು ಸಣ್ಣ ಬಿಳಿ ಪಟ್ಟಿ ಕಟ್ಟುತ್ತಾರೆ. ಕಣ್ಣು ಬಿಗಿಯಾಗಿ ಮುಚ್ಚಿ ಹೊಡೆಯಲು ಮಾತ್ರ ಬಿಡಬೇಡಿ, ಬೇಗ ಸುಸ್ತಾಗುತ್ತದೆ.

ಎರಡು ತುದಿಗಳ ನಡುವೆ ಒಂದು ಮೂರನೇ ದಾರಿ ಇದೆ. ನನಗೆ ಬಹಳ ಇಷ್ಟವಾದ ದಾರಿ ಅದು: ಹಳೆಯ ಮ್ಯಾಚ್ ರೈಫಲ್. ಮಗಳು ಕ್ಲಬ್ಬಿನ ಓಪನ್ ಸೈಟ್ ರೈಫಲ್‌ನಲ್ಲಿ ಕಲಿತು ಮುಂದೆ ಹೋದ ಮೇಲೆ ನಾವು ಒಬ್ಬ ಹಿರಿಯ ಶೂಟರ್‌ರಿಂದ ಫೈನ್‌ವೆರ್ಕ್‌ಬೌ 603 ತೆಗೆದುಕೊಂಡೆವು. ಅದಕ್ಕೆ ಸಿಲಿಂಡರ್ ಇಲ್ಲ, ಪಂಪ್ ಇಲ್ಲ. ಪಕ್ಕದ ಲಿವರ್ ಒಮ್ಮೆ ಎಳೆದು ಮುಚ್ಚಿದರೆ ಒಂದು ಹೊಡೆತಕ್ಕೆ ಬೇಕಾದ ಗಾಳಿ ಒಳಗೇ ಒತ್ತಿಕೊಳ್ಳುತ್ತದೆ. ಪ್ರತಿ ಸಲ ಅಷ್ಟೇ ಗಾಳಿ. ಎಷ್ಟು ಹಳೆಯದಾದರೂ ಸೀಲ್ ಬದಲಾಯಿಸಿದರೆ ಹೊಸ ಹುರುಪು. ಅದೇ ಕಂಪನಿಯ 300ಎಸ್ ಇನ್ನೂ ಹಳೆಯದು, ಸ್ಪ್ರಿಂಗಿನದು. ಆದರೆ ಇಡೀ ಯಂತ್ರಭಾಗ ಒಂದು ಹಳಿಯ ಮೇಲೆ ಹಿಂದೆ ಜಾರಿ ಕುಲುಕಾಟವನ್ನು ನುಂಗಿಕೊಳ್ಳುತ್ತದೆ. ಅಂಥ ಕೆಲಸ ನೋಡಿದಾಗ ನನ್ನಂಥ ಕಾರ್ಖಾನೆಯವನಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಗಾಳಿ ಸಿಲಿಂಡರಿನ ಹಳೆಯ ರೈಫಲ್ ಸಿಕ್ಕರೆ ಮೊದಲು ಸಿಲಿಂಡರ್ ಮೇಲೆ ಕೆತ್ತಿದ ತಾರೀಖು ಓದಿ. ತಯಾರಕರು ಅದಕ್ಕೆ ಇಷ್ಟೇ ವರ್ಷ ಅಂತ ಆಯುಸ್ಸು ಕೊಟ್ಟಿರುತ್ತಾರೆ. ಅವಧಿ ಮೀರಿದ್ದನ್ನು ಹಿಡಿದು ಸ್ಪರ್ಧೆಗೆ ಹೋಗುವಂತಿಲ್ಲ. 200 ಬಾರ್ ಅಂದರೆ ಕಾರಿನ ಟೈರಿನ ಒತ್ತಡದ ಸುಮಾರು ತೊಂಬತ್ತು ಪಟ್ಟು. ಆಟ ಅಲ್ಲ ಅದು. ಹೊಸ ಸಿಲಿಂಡರಿನ ಬೆಲೆ ಕಳೆದು ಚೌಕಾಸಿ ಮಾಡಿ. ಇಂಥ ರೈಫಲ್‌ಗಳು ಅಂಗಡಿಯಲ್ಲಿ ಸಿಗುವುದಿಲ್ಲ, ಕೋಚ್‌ಗಳ ಬಾಯಲ್ಲಿ ಸಿಗುತ್ತವೆ. ಕ್ಲಬ್‌ನಲ್ಲಿ ಗುರುತಾದ ಮೇಲೆ ತಾನಾಗಿ ಸುದ್ದಿ ಬರುತ್ತದೆ.

ಇನ್ನೊಂದು ಲಾಭ. ಹೆಚ್ಚಿನ ಮ್ಯಾಚ್ ರೈಫಲ್‌ಗಳಲ್ಲಿ ಡ್ರೈ ಫೈರ್ ವ್ಯವಸ್ಥೆ ಇರುತ್ತದೆ, ಪೆಲೆಟ್ ಇಲ್ಲದೆ ಟ್ರಿಗರ್ ಅಭ್ಯಾಸ ಮಾಡಬಹುದು. ಮನೆಯ ಗೋಡೆಗೆ ಚುಕ್ಕೆ ಅಂಟಿಸಿ ದಿನಾ ಅರ್ಧ ಗಂಟೆ, ಖರ್ಚಿಲ್ಲ. ಮಗಳ ಆಟ ಸುಧಾರಿಸಿದ್ದು ಬಹುಪಾಲು ನಮ್ಮ ಹಾಲ್‌ನಲ್ಲೇ. ಸಾದಾ ಸ್ಪ್ರಿಂಗ್ ರೈಫಲ್‌ನಲ್ಲಿ ಇದನ್ನು ಮಾಡಬಾರದು. ಪೆಲೆಟ್ ಇಲ್ಲದಿದ್ದರೆ ಪಿಸ್ಟನ್‌ಗೆ ಗಾಳಿಯ ತಡೆ ಸಿಗದೆ ತುದಿಗೆ ಹೋಗಿ ಬಡಿಯುತ್ತದೆ, ಸೀಲ್ ಹಾಳಾಗುತ್ತದೆ.

ಸರಿ, ನಿಜಕ್ಕೂ ಸ್ಕೋಪ್ ಬೇಕಾದವರಿಗೆ. ಸ್ಪ್ರಿಂಗ್ ರೈಫಲ್ ಎರಡು ಕಡೆ ಒದೆಯುತ್ತದೆ. ಪಿಸ್ಟನ್ ಮುಂದೆ ಹಾರಿದಾಗ ರೈಫಲ್ ಹಿಂದಕ್ಕೆ, ಪಿಸ್ಟನ್ ತುದಿಗೆ ಬಂದು ನಿಂತಾಗ ರೈಫಲ್ ಮುಂದಕ್ಕೆ. ಮದ್ದಿನ ಬಂದೂಕಿಗೆ ಮಾಡಿದ ಸ್ಕೋಪ್ ಹಿಂದಿನ ಒದೆತಕ್ಕೆ ತಯಾರಿರುತ್ತದೆ, ಈ ಮುಂದಿನ ಒದೆತಕ್ಕೆ ಅಲ್ಲ. ಒಳಗಿನ ಮಸೂರ ಸಡಿಲಾಗುತ್ತದೆ, ಅಡ್ಡಗೆರೆ ತಿರುಗಿಬಿಡುತ್ತದೆ. ಅದಕ್ಕೆ ಸ್ಪ್ರಿಂಗ್ ಏರ್ ರೈಫಲ್‌ಗೆ ನಡೆಯುತ್ತದೆ ಅಂತ ತಯಾರಕರೇ ಬರೆದದ್ದನ್ನೇ ಕೊಳ್ಳಿ. ಎರಡು ಬಿಡಿ ಉಂಗುರಗಳಿಗಿಂತ ಒಂದೇ ತುಂಡಿನ ಮೌಂಟ್ (ಸ್ಕೋಪ್ ಹಿಡಿದಿಡುವ ಪಟ್ಟಿ) ಒಳ್ಳೆಯದು. ಅದರಲ್ಲಿ ತಡೆಗೂಟ ಇರಲಿ, ರೈಫಲ್ ಮೇಲೆ ಅದಕ್ಕೆ ತೂತೂ ಇರಲಿ. ಇಲ್ಲದಿದ್ದರೆ ಮೌಂಟ್ 11 ಮಿ.ಮೀ. ಹಳಿಯ ಮೇಲೆ ಹಿಂದಕ್ಕೆ ತೆವಳುತ್ತಾ ಹೋಗುತ್ತದೆ.

ಎರಡನೆಯದು ಪ್ಯಾರಲ್ಯಾಕ್ಸ್. ಹೆಚ್ಚಿನ ರೈಫಲ್ ಸ್ಕೋಪ್‌ಗಳು 100 ಗಜಕ್ಕೆ ಹೊಂದಿಸಿದವು. 10 ಮೀಟರ್‌ನಲ್ಲಿ ಗುರಿ ಮಸುಕು, ಅಷ್ಟೇ ಅಲ್ಲ, ಕಣ್ಣು ಸ್ವಲ್ಪ ಸರಿದರೆ ಅಡ್ಡಗೆರೆಯೂ ಗುರಿಯ ಮೇಲೆ ಸರಿಯುತ್ತದೆ. ಕಣ್ಣು ಮಸೂರದ ಅಂಚಿಗೆ ಹೋದರೆ ಈ ತಪ್ಪು ಒಂದು ಸೆಂಟಿಮೀಟರ್ ದಾಟಬಹುದು. ಏಳರ ವೃತ್ತದಿಂದಲೂ ಆಚೆ. ಪೆಟ್ಟಿಗೆಯ ಮೇಲೆ ಎಒ ಎಂದು ಬರೆದ, ಮುಂದಿನ ಉಂಗುರ ತಿರುಗಿಸಿ 10 ಗಜಕ್ಕೆ ಇಳಿಸಬಹುದಾದ ಸ್ಕೋಪ್ ಬೇಕು. 3-9×40 (3ರಿಂದ 9 ಪಟ್ಟು ದೊಡ್ಡದು ಮಾಡುವ, 40 ಮಿ.ಮೀ. ಮುಂದಿನ ಮಸೂರದ್ದು) ಅಥವಾ 4-12×40 ಸಾಕು. 24 ಪಟ್ಟು ದೊಡ್ಡದು ಮಾಡುವ ಸ್ಕೋಪ್‌ನಲ್ಲಿ ನಿಂತು ನೋಡಿದರೆ ಕಾಣುವುದು ನಮ್ಮ ಎದೆಬಡಿತ ಮಾತ್ರ. ಅದನ್ನು ನೋಡಿ ಮಗು ಟ್ರಿಗರ್ ಕಿತ್ತು ಎಳೆಯುತ್ತದೆ.

ಸ್ಕೋಪ್ ಹೊಂದಿಸುವ ಗುಂಡಿಯ ಕ್ಲಿಕ್ ಲೆಕ್ಕವೂ ಹತ್ತಿರದಲ್ಲಿ ಬೇರೆ. ಕಾಲು ಎಂಒಎ (ಒಂದು ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ 100 ಮೀಟರ್‌ನಲ್ಲಿ ಸುಮಾರು 7 ಮಿ.ಮೀ. ಸರಿಸುತ್ತದೆ, 10 ಮೀಟರ್‌ನಲ್ಲಿ ಬರೀ 0.7. ಒಂದು ಸೆಂಟಿಮೀಟರ್ ಸರಿಸಲು ಹದಿನಾಲ್ಕು ಕ್ಲಿಕ್ ಬೇಕು. ಸ್ಕೋಪ್ ಕೆಟ್ಟಿದೆ ಅಂತ ಹಿಂದಿರುಗಿಸಲು ಹೊರಟವರಿಗೆ ಇದನ್ನು ಹೇಳಿ ನಿಲ್ಲಿಸಿದ್ದೇನೆ.

ಬ್ಯಾರಲ್ ಮಡಚುವ ರೈಫಲ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಓಪನ್ ಸೈಟ್ ಎರಡೂ ಭಾಗ ಸಾಮಾನ್ಯವಾಗಿ ಬ್ಯಾರಲ್ ಮೇಲೆಯೇ ಇರುತ್ತವೆ. ಬ್ಯಾರಲ್ ಕೂದಲೆಳೆಯಷ್ಟು ಬೇರೆ ಕಡೆ ಕೂತರೂ ಸೈಟ್ ಅದರ ಜೊತೆಗೇ ಹೋಗುತ್ತದೆ. ಸ್ಕೋಪ್ ಕೂರುವುದು ಹಿಂದಿನ ದೇಹದ ಮೇಲೆ. ಮಡಿಕೆಯಲ್ಲಿ ಸ್ವಲ್ಪ ಸಡಿಲಿದ್ದರೆ ಸ್ಕೋಪ್ ಒಂದು ಕಡೆ ನೋಡುತ್ತದೆ, ಬ್ಯಾರಲ್ ಇನ್ನೊಂದು ಕಡೆ. ಅದಕ್ಕೇ ಕೊಳ್ಳುವಾಗ ಬ್ಯಾರಲ್ ಮುಚ್ಚಿ ತುದಿ ಹಿಡಿದು ಅಡ್ಡ ಅಲ್ಲಾಡಿಸಿ ನೋಡಿ. ಕೈಗೆ ಸಡಿಲು ಗೊತ್ತಾದರೆ ಆ ಪೀಸ್ ಬೇಡ, ಬೇರೆ ತೆಗೆಸಿ.

ಗೆಳೆಯನ ಇಪ್ಪತ್ತೈದು ಸಾವಿರಕ್ಕೆ ಬರೋಣ. ನಾನಾದರೆ ಈಗ ರೈಫಲ್ಲನ್ನೇ ಕೊಳ್ಳುವುದಿಲ್ಲ. ಬಾಲೇವಾಡಿಯಲ್ಲಿ 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ ಶಿವ ಛತ್ರಪತಿ ಕ್ರೀಡಾ ಸಂಕೀರ್ಣದಲ್ಲಿ ರೇಂಜ್ ಇದೆ. ಶೂಟರ್ ಗಗನ್ ನಾರಂಗ್ ಅವರ ಗನ್ ಫಾರ್ ಗ್ಲೋರಿ ಅಕಾಡೆಮಿ ಶುರುವಾದದ್ದೂ ಅಲ್ಲೇ. ನಗರದಲ್ಲಿ ಸಣ್ಣ 10 ಮೀಟರ್ ರೇಂಜ್‌ಗಳು ಇನ್ನೂ ಇವೆ. ಹೊಸಬರಿಗೆ ಅಲ್ಲಿನ ರೈಫಲ್ ಕೊಡುತ್ತಾರೆ. ಮೊದಲ ಕೆಲವು ತಿಂಗಳ ಶುಲ್ಕ ಮತ್ತು ಒಳ್ಳೆಯ ಪೆಲೆಟ್‌ಗೆ ಹಣ ಹಾಕಿ. ಹುಡುಗನಿಗೆ ಆಸೆ ಉಳಿದರೆ ಮುಂದೆ ಎರಡು ದಾರಿ. ಓಪನ್ ಸೈಟ್ ಸಾಕು ಅಂದರೆ ಹದಿನೈದು ಸಾವಿರದೊಳಗೆ ಒಂದು ದೇಶಿ ರೈಫಲ್. ಪೀಪ್ ಸೈಟ್ ಅಂದರೆ ಉಳಿದ ಹಣಕ್ಕೆ ಇನ್ನಷ್ಟು ಕೂಡಿಸಿ ಹಳೆಯ ಮ್ಯಾಚ್ ರೈಫಲ್ ಹುಡುಕೋಣ. ಜಾಕೆಟ್, ಪ್ಯಾಂಟ್‌ಗೆ ಮತ್ತೆ ಹತ್ತು ಸಾವಿರದ ಮೇಲೆ ಬೇಕಾಗುತ್ತದೆ, ಮರೆಯಬೇಡಿ. ಬೆಳೆಯುವ ಮಗುವಿಗೆ ಅದೂ ಹಳೆಯದೇ ಒಳ್ಳೆಯದು.

ಯಾವ ರೈಫಲ್ ಬಂದರೂ ಸೊಸೈಟಿಯ ಬಾಲ್ಕನಿಯಿಂದ, ಟೆರೇಸಿನಿಂದ ಹೊಡೆಯಲು ಬಿಡಬೇಡಿ. ಪೆಲೆಟ್ ಕಣ್ಣು ಕಳೆಯುವಷ್ಟು ಶಕ್ತಿ ಇಟ್ಟುಕೊಂಡು ದೂರ ಹೋಗುತ್ತದೆ. ಹಕ್ಕಿಗಳ ಮೇಲೆ ಅಂತೂ ಮಾತೇ ಬೇಡ, 1972ರ ವನ್ಯಜೀವಿ ಕಾಯ್ದೆ ಇದೆ, ಅದಿಲ್ಲದಿದ್ದರೂ ಮಾಡಬಾರದ ಕೆಲಸ. ಪೆಲೆಟ್ ಸೀಸದ್ದು. ಮುಟ್ಟಿದ ಕೈ ಸೋಪು ಹಾಕಿ ತೊಳೆಯದೆ ಡಬ್ಬಿಯ ತಿಂಡಿಗೆ ಹೋಗಬಾರದು. ಮಗಳಿಗೆ ಈಗ ಅದು ಅಭ್ಯಾಸವಾಗಿದೆ.

ಶನಿವಾರ ಬೆಳಿಗ್ಗೆ ನಾವು ಬಾಲೇವಾಡಿಯಲ್ಲಿರುತ್ತೇವೆ. ಗೆಳೆಯಾ, ಹುಡುಗನನ್ನು ಕರೆದುಕೊಂಡು ಬಾ. ಮಗಳ 603 ಅವನ ಕೈಗೆ ಕೊಟ್ಟು ನೋಡೋಣ, ಕೋಚ್ ಪಕ್ಕದಲ್ಲೇ ಇರುತ್ತಾರೆ. ತಳ ಚಪ್ಪಟೆ ಇರುವ ಬೂಟು ಹಾಕಿಸು. ದಪ್ಪ ತಳದ ಓಟದ ಶೂ ಬೇಡ, ಅದರಲ್ಲಿ ಕಾಲು ನಿಲ್ಲುವುದಿಲ್ಲ.